ಮನೆಯೊಳಗೆ ದೊಡ್ಡ ನೆಲದಾಮೆ: ಹಿಕ್ಕೆ, ಉಚ್ಚೆ, ನೆಲ, ಬಿಸಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ದೊಡ್ಡ ಆಮೆ ಎಂದರೆ ಚಿಪ್ಪಿನ ಉದ್ದ 30 ಸೆಂ.ಮೀ. ದಾಟಿದ ನೆಲದಾಮೆ. ಸಾಮಾನ್ಯವಾಗಿ ಸಾಕುವವು ಸುಲ್ಕಾಟಾ (ಆಫ್ರಿಕಾದ ಒಂದು ದೊಡ್ಡ ನೆಲದಾಮೆ), ಚಿರತೆ ಆಮೆ, ಕೆಂಗಾಲಿನ ಆಮೆ. ನೀರಿನಲ್ಲಿ ಬದುಕುವ ಆಮೆಗಳ ವಿಚಾರವೇ ಬೇರೆ. ಅವುಗಳಿಗೆ ಈ ಉತ್ತರಗಳು ಹೊಂದುವುದಿಲ್ಲ.

ನಾಯಿ, ಬೆಕ್ಕಿಗೆ ಕಲಿಸಿದ ಹಾಗೆ ಆಮೆಗೂ ಶೌಚದ ಅಭ್ಯಾಸ ಕಲಿಸಬಹುದೇ?

ಆ ಅರ್ಥದಲ್ಲಿ ಆಗುವುದಿಲ್ಲ. ನಾಯಿಮರಿಗೆ ತಾನು ಮಲಗುವ ಜಾಗ ಗಲೀಜಾಗಬಾರದೆಂಬ ಹುಟ್ಟುಗುಣ ಇರುತ್ತದೆ, ನಾವು ಅದರ ಮೇಲೆ ಅಭ್ಯಾಸ ಕಟ್ಟುತ್ತೇವೆ. ಬೆಕ್ಕಿಗೆ ಮಣ್ಣು ಕೆದರಿ ಮುಚ್ಚುವ ಗುಣ ಇದೆ. ದಿನವಿಡೀ ಮೇಯುತ್ತ ನಡೆಯುವ ಆಮೆಗೆ ಇವೆರಡೂ ಇಲ್ಲ. ಬಂದದ್ದನ್ನು ತಡೆದುಕೊಂಡು ಒಂದು ಮೂಲೆಗೆ ಹೋಗಿ ಮಾಡಬೇಕೆಂದು ಅದಕ್ಕೆ ಅನ್ನಿಸುವುದಿಲ್ಲ. ಬೈದರೆ ಚಿಪ್ಪಿನೊಳಗೆ ತಲೆ ಎಳೆದುಕೊಳ್ಳುತ್ತದೆ, ಅಷ್ಟೇ.

ಆದರೆ ಅದು ಯಾವಾಗ ಹೋಗುತ್ತದೆ ಎನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮೈ ಚೆನ್ನಾಗಿ ಕಾದಾಗ, ಹೊಟ್ಟೆಗೆ ಆಹಾರ ಬಿದ್ದಾಗ, ನಡೆದಾಡಿದಾಗ, ಬೆಚ್ಚಗಿನ ನೀರಿನಲ್ಲಿ ನಿಂತಾಗ ಕರುಳು ಚುರುಕಾಗುತ್ತದೆ. ನಾಲ್ಕರಲ್ಲಿ ನೀರಿನದೇ ಹೆಚ್ಚು ಪ್ರಭಾವ. ಈ ನಾಲ್ಕನ್ನೂ ದಿನಾ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಜೋಡಿಸಿದರೆ ಹಿಕ್ಕೆಯ ಹೆಚ್ಚಿನ ಪಾಲು ಸ್ನಾನದ ತೊಟ್ಟಿಯಲ್ಲೇ ಬೀಳುತ್ತದೆ. ಉಳಿದದ್ದು ನೆಲದ ಮೇಲೆ ಬಿದ್ದೇ ಬೀಳುತ್ತದೆ. ಆಮೆಯನ್ನು ಮನೆಯೊಳಗೆ ಬಿಡುವವರು ಇದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಪುಸ್ತಕ, ಪೆನ್ನಿನಿಂದ. ಹತ್ತು ದಿನ ಏನನ್ನೂ ಬದಲಿಸದೆ ಗಮನಿಸಿ: ಮೈ ಕಾಯಿಸುವ ದೀಪ ಹೊತ್ತಿದ್ದು ಎಷ್ಟಕ್ಕೆ, ತಿಂದದ್ದು ಎಷ್ಟಕ್ಕೆ, ಹಿಕ್ಕೆ ಹಾಕಿದ್ದು ಎಷ್ಟಕ್ಕೆ, ಎಲ್ಲಿ. ಚೆನ್ನಾಗಿ ತಿನ್ನುವ ದೊಡ್ಡ ಆಮೆ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಸಲ ಹೋಗುತ್ತದೆ. ಕೆಲವು ಬೆಳಗ್ಗೆ ಮೈ ಕಾಯಿಸಿಕೊಂಡ ಒಂದು ಗಂಟೆಯೊಳಗೆ ಹೋದರೆ, ಕೆಲವು ಮೊದಲ ತುತ್ತಿನ ನಂತರವೇ ಹೋಗುತ್ತವೆ. ನಿಮ್ಮ ಆಮೆ ಯಾವ ಬಗೆಯದು ಎಂದು ಗೊತ್ತಾದ ಮೇಲೆ ಸ್ನಾನದ ಹೊತ್ತನ್ನು ಅದಕ್ಕಿಂತ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಇಡಿ. ಈ ಹತ್ತು ದಿನ ಉಳಿಸಲು ಹೋದವರು ಮುಂದೆ ತಿಂಗಳುಗಟ್ಟಲೆ ನೆಲ ಒರೆಸುತ್ತಾರೆ.

ಸ್ನಾನದ ಕ್ರಮ ವಿವರವಾಗಿ ಹೇಳಿ.

ಮೊದಲು ದೀಪದಡಿ ಒಂದರಿಂದ ಒಂದೂವರೆ ಗಂಟೆ ಮೈ ಕಾಯಲಿ. ತಣ್ಣಗಿರುವ ಆಮೆಯನ್ನು ನೇರವಾಗಿ ನೀರಿಗೆ ಇಳಿಸಿದರೆ ಅದು ಸುಮ್ಮನೆ ಕೂರುತ್ತದೆ, ಕರುಳು ಕದಲುವುದಿಲ್ಲ.

ತೊಟ್ಟಿ ಆಮೆಯ ಎರಡರಷ್ಟಾದರೂ ಉದ್ದವಿರಲಿ, ತಿರುಗಿ ನಿಲ್ಲುವಷ್ಟು ಅಗಲವಿರಲಿ. 45 ಸೆಂ.ಮೀ. ಆಮೆಗೆ 100 × 70 ಸೆಂ.ಮೀ. ತಳದ ತೊಟ್ಟಿ ಸಾಕು. ಗಾರೆ ಕಲಸುವ ಗಟ್ಟಿ ಪ್ಲಾಸ್ಟಿಕ್ ತೊಟ್ಟಿ ಒಳ್ಳೆಯದು. ಮಕ್ಕಳಾಡುವ ಗಾಳಿ ತುಂಬಿದ ಕೊಳ ಬೇಡ, ಉಗುರು ತಾಗಿದರೆ ಒಂದು ವಾರವೂ ಬಾಳುವುದಿಲ್ಲ. ಗೋಡೆ ಆಚೆ ಕಾಣದಂತಿರಬೇಕು. ಪಾರದರ್ಶಕ ಗೋಡೆ ಇದ್ದರೆ ಆಮೆ ಅದನ್ನೇ ತಳ್ಳುತ್ತ ನಿಲ್ಲುತ್ತದೆ.

ನೀರು 30ರಿಂದ 33 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಕೈಗೆ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಹದ. ಆದರೂ ಕೈಯನ್ನು ನಂಬಬೇಡಿ, ಥರ್ಮಾಮೀಟರ್ ಅದ್ದಿ ನೋಡಿ. ಆಳ ಮೇಲ್ಚಿಪ್ಪು, ಕೆಳಚಿಪ್ಪು ಕೂಡುವ ಅಂಚಿನವರೆಗೆ ಮಾತ್ರ. ಕತ್ತು ಚಾಚದೆಯೂ ಗಲ್ಲ ನೀರಿನ ಮೇಲಿರಬೇಕು. ನೆಲದಾಮೆಗೆ ಈಜಲು ಬರುವುದಿಲ್ಲ. ಮೇಲೆ ಹೇಳಿದ ತೊಟ್ಟಿಯಲ್ಲಿ 10 ಸೆಂ.ಮೀ. ಆಳಕ್ಕೆ ಸುಮಾರು 70 ಲೀಟರ್, ಅಂದರೆ 70 ಕಿಲೋ ನೀರು ಹಿಡಿಯುತ್ತದೆ. ಅದನ್ನು ಎತ್ತಿ ಸುರಿಯುವ ಯೋಚನೆ ಬಿಟ್ಟು ತಳದಲ್ಲಿ ಬಿರಡೆ ಇರುವ ತೊಟ್ಟಿಯನ್ನೇ ಆರಿಸಿ, ಬಿರಡೆಗೆ 40 ಮಿ.ಮೀ. ಪೈಪು ಜೋಡಿಸಿ.

ನೀರಿನಲ್ಲಿ 20ರಿಂದ 30 ನಿಮಿಷ ಬಿಡಿ. ಹೆಚ್ಚಿನವು ಮೊದಲು ನೀರು ಕುಡಿದು, ಆಮೇಲೆ ಹಿಂಗಾಲು ಎತ್ತರಿಸಿ, ಬಾಲ ಚಾಚಿ ಹಿಕ್ಕೆ ಹಾಕುತ್ತವೆ. ಹಾಕಿದ ತಕ್ಷಣ ಬಲೆಸೌಟಿನಿಂದ ಎತ್ತಿ, ಇಲ್ಲದಿದ್ದರೆ ಅದೇ ನೀರನ್ನು ಆಮೆ ಕುಡಿಯುತ್ತದೆ. ನೀರು ತಣ್ಣಗಾದರೆ ಒಂದು ಬದಿಯಿಂದ ಬಿಸಿನೀರು ಸೇರಿಸುವಾಗ ಆಮೆಯನ್ನು ಇನ್ನೊಂದು ಬದಿಗಿಡಿ.

ಹೊರಗೆ ಬಂದ ಮೇಲೆ ಕಾಲಿನ ಸಂದು, ಬಾಲದ ಬುಡ ಒರೆಸಿ, ದೀಪದಡಿ ಹತ್ತು ನಿಮಿಷ ಒಣಗಲು ಬಿಟ್ಟು ನಂತರ ಹುಲ್ಲು ಹಾಕಿ. ತುಂಬಿದ್ದ ಹೊಟ್ಟೆ ಬರಿದಾಗಿರುತ್ತದೆ, ಮುಂದಿನ ಕೆಲವು ಗಂಟೆ ನೆಲಕ್ಕೆ ಅಪಾಯ ಕಡಿಮೆ. ಮನೆಯಲ್ಲಿ ಅಡ್ಡಾಡಲು ಬಿಡುವುದಿದ್ದರೆ ಈಗಲೇ ಬಿಡಿ.

ಎಷ್ಟು ದಿನಕ್ಕೆ ಹೊಂದಿಕೊಳ್ಳುತ್ತದೆ?

ಮೂರರಿಂದ ಆರು ವಾರ ಎಂದಿಟ್ಟುಕೊಳ್ಳಿ. ಮಧ್ಯೆ ಎರಡು ದಿನ ಹೊತ್ತು ತಪ್ಪಿದರೆ ಸ್ವಲ್ಪ ಹಿಂದೆ ಹೋಗುತ್ತದೆ. ಮಳೆ, ಚಳಿಯ ದಿನಗಳಲ್ಲಿ ಕೋಣೆ ತಣ್ಣಗಾದರೆ ಕ್ರಮ ಪೂರ್ತಿ ಕೆಡುತ್ತದೆ. ಆಗ ಸರಿಪಡಿಸಬೇಕಾದ್ದು ಬಿಸಿಯನ್ನು.

ನಮ್ಮದು 25 ಕಿಲೋ ತೂಗುತ್ತದೆ. ದಿನಾ ತೊಟ್ಟಿಗೆ ಎತ್ತಿಡುವುದು ಹೇಗೆ?

ಎತ್ತಲೇಬೇಡಿ. ನಿಮ್ಮ ಸೊಂಟದ ಮಾತು ಹಾಗಿರಲಿ, ನೆಲದಿಂದ ಎತ್ತಿದ ಆಮೆ ಹೆದರಿ ಮೂತ್ರಕೋಶ ಖಾಲಿ ಮಾಡುತ್ತದೆ. ದೊಡ್ಡ ಆಮೆಯದಾದರೆ ಅದು ಚೊಂಬುಗಟ್ಟಲೆ. ಒಣನಾಡಿನ ಆಮೆಗಳಿಗೆ ಮೂತ್ರಕೋಶವೇ ನೀರಿನ ಉಗ್ರಾಣ. ಮರುಭೂಮಿಯಲ್ಲಿ ಬದುಕುವ ಆಮೆಯನ್ನು ಯಾರಾದರೂ ಎತ್ತಿ, ಅದು ಹಾಗೆ ನೀರು ಚೆಲ್ಲಿಬಿಟ್ಟರೆ ಬೇಸಗೆಯಲ್ಲಿ ಪ್ರಾಣಕ್ಕೇ ಕುತ್ತು. ಮನೆಯ ಆಮೆಗೆ ಅಷ್ಟು ಅಪಾಯವಿಲ್ಲ. ಆದರೆ ‘ಎತ್ತಿದಾಗಲೆಲ್ಲ ಉಚ್ಚೆ ಹೊಯ್ಯುತ್ತದೆ’ ಎನ್ನುವ ದೂರಿಗೆ ಕಾರಣ ಇದೇ.

ತಾನೇ ನಡೆದು ಹೋಗುವಂತೆ ಮಾಡಿ. ತೊಟ್ಟಿಯ ಅಂಚು 12 ಸೆಂ.ಮೀ. ಎತ್ತರವಿದ್ದರೆ ಕನಿಷ್ಠ 60 ಸೆಂ.ಮೀ. ಉದ್ದದ ಇಳಿಜಾರು ಹಲಗೆ ಬೇಕು, ಒಳಗೂ ಹೊರಗೂ ಒಂದೊಂದು. ಹಲಗೆಯ ಮೇಲೆ 5 ಸೆಂ.ಮೀ.ಗೊಂದರಂತೆ ಅಡ್ಡಪಟ್ಟಿ ಹೊಡೆಯಿರಿ, ಬರೀ ಹಲಗೆ ಒದ್ದೆಯಾದರೆ ಜಾರುತ್ತದೆ. ನೆಲಮಟ್ಟದ ಬಚ್ಚಲು ಇದ್ದವರಿಗೆ ಇದೆಲ್ಲ ಬೇಡವೇ ಬೇಡ. ಬಾಗಿಲಿಗೆ 12 ಸೆಂ.ಮೀ. ಎತ್ತರದ ತೆಗೆದಿಡಬಹುದಾದ ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಆಯಿತು.

ತಾನೇ ನಡೆದು ತೊಟ್ಟಿಗೆ ಹೋಗಲು ಕಲಿಸುವುದು ಹೀಗೆ: ಕೋಲಿನ ತುದಿಗೆ ಕೆಂಪು ಅಥವಾ ಹಳದಿ ಚೆಂಡು ಸಿಕ್ಕಿಸಿ. ಆಮೆ ಅದಕ್ಕೆ ಮೂಗು ತಾಗಿಸಿದ ಕೂಡಲೇ ಇಷ್ಟದ ಒಂದು ಎಲೆ ಕೊಡಿ. ನಾಲ್ಕೈದು ದಿನ ಇಷ್ಟೇ. ಆಮೇಲೆ ಚೆಂಡನ್ನು ಒಂದು ಅಡಿ ದೂರ, ಎರಡು ಅಡಿ ದೂರ, ಹಲಗೆಯ ಬುಡ, ಹಲಗೆಯ ಮೇಲೆ, ಕೊನೆಗೆ ತೊಟ್ಟಿಯೊಳಗೆ ಹಿಡಿಯಿರಿ. ಒಂದು ಹೊತ್ತಿಗೆ ಐದು ನಿಮಿಷ ಸಾಕು. ಆಮೆಗೆ ಇಷ್ಟೆಲ್ಲ ತಲೆಗೆ ಹತ್ತುತ್ತದೆಯೇ ಎಂದು ಸಂಶಯಪಡುವವರಿಗೆ: ವಿಯೆನ್ನಾದ ಶೋನ್‌ಬ್ರುನ್ ಮೃಗಾಲಯದ ದೈತ್ಯ ಆಮೆಗಳು ಹೀಗೆ ಬಣ್ಣದ ಚೆಂಡು ಕಚ್ಚಲು ಕಲಿತದ್ದನ್ನು 9 ವರ್ಷದ ನಂತರವೂ ಮರೆತಿರಲಿಲ್ಲ. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಿಧಾನವಾಗಿ ಕಲಿಯುತ್ತದೆ, ಕಲಿತದ್ದನ್ನು ಬಿಡುವುದಿಲ್ಲ. ಕೆಟ್ಟ ಅಭ್ಯಾಸಗಳಿಗೂ ಈ ಮಾತು ಸಲ್ಲುತ್ತದೆ: ಅಡುಗೆಮನೆಯಲ್ಲಿ ಒಮ್ಮೆ ಹಣ್ಣಿನ ಸಿಪ್ಪೆ ಕೊಟ್ಟು ನೋಡಿ!

ಬೆಕ್ಕಿಗಿಡುವಂತೆ ಮರಳಿನ ತಟ್ಟೆ ಇಡಬಹುದೇ?

ಬೇಡ. ಒದ್ದೆಯಾದರೆ ಗಟ್ಟಿಯಾಗುವ ಆ ಹರಳನ್ನು ಆಮೆ ತಿನ್ನುತ್ತದೆ, ಕರುಳಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಆಮೆ ಪದೇ ಪದೇ ಒಂದೇ ಮೂಲೆಯಲ್ಲಿ ಹಾಕುತ್ತಿದ್ದರೆ ಆ ಮೂಲೆಗೆ ಒಣಹುಲ್ಲು ಹರಡಿದ ಅಗಲ ಟ್ರೇ ಇಡಿ. ಹೀರಿಕೊಳ್ಳುತ್ತದೆ, ತಿಂದರೂ ತೊಂದರೆಯಿಲ್ಲ. ಒದ್ದೆ ಹುಲ್ಲನ್ನು ಮಾತ್ರ ಅಂದಂದೇ ತೆಗೆಯಬೇಕು, ಬೂಷ್ಟು ಹಿಡಿದ ಹುಲ್ಲು ಶ್ವಾಸಕೋಶಕ್ಕೆ ಕೇಡು.

ಡಯಾಪರ್?

ಹಾಕುವವರಿದ್ದಾರೆ. ನಾವು ಬೇಡ ಎನ್ನುತ್ತೇವೆ. ಮಲ, ಮೂತ್ರ, ಮೊಟ್ಟೆ, ಗಂಡಾದರೆ ಜನನಾಂಗ, ಎಲ್ಲಕ್ಕೂ ಆಮೆಗೆ ಬಾಲದಡಿ ಇರುವುದು ಒಂದೇ ದ್ವಾರ. ಅದು ಗಂಟೆಗಟ್ಟಲೆ ಒದ್ದೆ ಬಟ್ಟೆಗೆ ಒತ್ತಿಕೊಂಡಿದ್ದರೆ ಚರ್ಮ ಕೆಂಪಾಗಿ ಕೊಳೆಯುತ್ತದೆ, ಸೋಂಕು ಒಳಗೂ ಹೋಗುತ್ತದೆ. ಹಿಂಗಾಲುಗಳ ಸಂದಿನಲ್ಲಿ ಪಟ್ಟಿ ತಿಕ್ಕಿ ಗಾಯವಾಗುತ್ತದೆ. ಸಡಿಲವಾದರೆ ಕಳಚಿ ತಿನ್ನುತ್ತದೆ, ಅದರೊಳಗಿನ ಹೀರುವ ಪುಡಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಪಶುವೈದ್ಯರ ಬಳಿ ಒಯ್ಯುವಾಗ ವಾಹನದಲ್ಲಿ ಗಲೀಜಾಗದಿರಲು ತಳಕ್ಕೆ ಟವೆಲ್ ಹಾಸಿದರೆ ಸಾಕು.

ಹಿಕ್ಕೆ ಹೇಗಿರಬೇಕು? ಜೊತೆಗೆ ಬಿಳಿ ಬಿಳಿಯಾಗಿ ಬರುವುದೇನು?

ಹುಲ್ಲು ತಿನ್ನುವ ಆಮೆಯ ಹಿಕ್ಕೆ ಗಟ್ಟಿಯಾಗಿ, ಕಡು ಹಸಿರು ಅಥವಾ ಕಂದು ಬಣ್ಣದಲ್ಲಿ, ಮುರಿದರೆ ನಾರು ಕಾಣುವಂತಿರುತ್ತದೆ. ಕುದುರೆ ಲದ್ದಿಯ ಹಾಗೆ. ದುರ್ನಾತ ಇರುವುದಿಲ್ಲ. ಮೆತ್ತಗೆ, ನಾರುತ್ತ ಬಂದರೆ ಮೊದಲು ಹಣ್ಣು, ತರಕಾರಿ ನಿಲ್ಲಿಸಿ ಹುಲ್ಲು ಹೆಚ್ಚಿಸಿ. ಮೂರು ದಿನದಲ್ಲಿ ಸರಿಹೋಗದಿದ್ದರೆ ಹೊಸ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿ ಹುಳುವಿನ ಪರೀಕ್ಷೆಗೆ ಕೊಡಿ.

ಬಿಳಿಯದು ಯೂರೇಟ್. ನೀರು ಉಳಿಸಲು ಆಮೆ ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ, ಅದು ಗಂಜಿಯಂತೆ ಬರುತ್ತದೆ. ಮೊಸರಿನ ಹದ, ಹಲ್ಲುಜ್ಜುವ ಪೇಸ್ಟಿನ ಹದ ಇದ್ದರೆ ಸರಿ. ಬೆರಳಿಗೆ ಕೈಗವಸು ಹಾಕಿ ತಿಕ್ಕಿ ನೋಡಿ: ಮರಳಿನಂತೆ ಗರಗರ ಎಂದರೆ ಮೈಯಲ್ಲಿ ನೀರು ಸಾಲದು. ಸ್ನಾನ ದಿನಾ ಮಾಡಿಸಿ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ದೊಡ್ಡ ಆಮೆಯಲ್ಲಿ ಅದನ್ನು ತೆಗೆಯಲು ಕೆಲವೊಮ್ಮೆ ಕೆಳಚಿಪ್ಪನ್ನೇ ಕೊರೆಯಬೇಕಾಗುತ್ತದೆ.

ಸ್ನಾನದ ನೀರಿನಲ್ಲಿ ಬಾಲದಡಿಯಿಂದ ಕಪ್ಪಗೆ ದೊಡ್ಡದೇನೋ ಹೊರಬಂತು. ಕರುಳೇ?

ಗಂಡಾಮೆಯಾದರೆ ಬಹುಶಃ ಜನನಾಂಗ. ಕಡು ನೇರಳೆ ಅಥವಾ ಕಪ್ಪು ಬಣ್ಣ, ಹೂವಿನಂತೆ ಅರಳಿದ ತುದಿ, ಗಾತ್ರ ನೋಡಿ ಗಾಬರಿಯಾಗುವಷ್ಟು. ಬೆಚ್ಚಗಿನ ನೀರಿನಲ್ಲಿ ಹೀಗಾಗುವುದು ಸಾಮಾನ್ಯ. ಮುಟ್ಟದೆ ಬಿಡಿ, ಕೆಲವು ನಿಮಿಷಗಳಲ್ಲಿ ಒಳಗೆ ಹೋಗುತ್ತದೆ. ಒಂದು ಗಂಟೆಯಾದರೂ ಹೋಗದಿದ್ದರೆ, ಅಥವಾ ಬಂದದ್ದು ಗುಲಾಬಿ, ಕೆಂಪು ಬಣ್ಣದ ಹಸಿ ಮಾಂಸದಂತಿದ್ದರೆ, ಅದನ್ನು ಒಣಗಲು ಬಿಡದೆ ಉಪ್ಪುನೀರಿನ ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅದೇ ದಿನ ವೈದ್ಯರ ಬಳಿ ಹೋಗಿ.

ಯಾವ ನೆಲ ಒಳ್ಳೆಯದು?

ನುಣುಪು ಟೈಲ್ಸ್ ಮೇಲೆ ಆಮೆಯ ಕಾಲು ಹೊರಕ್ಕೆ ಜಾರುತ್ತದೆ. ದಿನಾ ಹೀಗೆ ನಡೆದರೆ ಕೀಲು ಸವೆಯುತ್ತದೆ, ಕೆಳಚಿಪ್ಪು ಎಳೆದುಕೊಂಡು ಹೋಗುವ ಅಭ್ಯಾಸ ಬೀಳುತ್ತದೆ. ಮರದ ನೆಲ, ಲ್ಯಾಮಿನೇಟ್ ನೆಲದ ಸಂದಿಗೆ ಮೂತ್ರ ಇಳಿದರೆ ಹಲಗೆ ಉಬ್ಬುತ್ತದೆ. ರತ್ನಗಂಬಳಿಯ ದಾರದಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ದಾರವನ್ನು ಆಮೆ ತಿನ್ನುವುದೂ ಉಂಟು.

ನಮ್ಮ ಆಯ್ಕೆ ಕುದುರೆ ಲಾಯಕ್ಕೆ ಹಾಸುವ ದಪ್ಪ ರಬ್ಬರ್ ಚಾಪೆ. ಅದರಡಿ ಕೊಳಕ್ಕೆ ಹಾಸುವ ಜಲನಿರೋಧಕ ಹಾಳೆಯನ್ನು ಒಂದೇ ತುಂಡಾಗಿ ಹಾಸಿ, ಗೋಡೆಯ ಮೇಲೆ 15 ಸೆಂ.ಮೀ. ಹತ್ತಿಸಿ ಪಟ್ಟಿ ಹೊಡೆಯಿರಿ. ಇದನ್ನು ಮಾಡದವರ ಮನೆಯಲ್ಲಿ ಮೂತ್ರ ಗೋಡೆಯ ಬುಡಕ್ಕೆ ಇಂಗಿ, ವಾಸನೆ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾಗುತ್ತದೆ. ಹೊಸ ರಬ್ಬರಿನ ಘಾಟು ಹೋಗಲು ಎರಡು ವಾರ ಹೊರಗೆ ಗಾಳಿಗೆ ಬಿಡಿ. ಮಲಗುವ ಮೂಲೆಯಲ್ಲಿ ಮಾತ್ರ ಒಂದು ಗೇಣು ದಪ್ಪ ಒಣಹುಲ್ಲು.

ಬಿಳಿ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ವಿನೆಗರ್ ಹಾಕಿಯೂ ನೋಡಿದೆವು.

ವಿನೆಗರ್ ಇಲ್ಲಿ ಕೆಲಸಕ್ಕೆ ಬಾರದು. ಯೂರಿಕ್ ಆಮ್ಲ ನೀರಿನಲ್ಲೇ ಸರಿಯಾಗಿ ಕರಗದು, ಹುಳಿ ನೀರಿನಲ್ಲಿ ಇನ್ನೂ ಕಡಿಮೆ. ಕ್ಷಾರದಲ್ಲಿ ತುಸು ಹೆಚ್ಚು ಕರಗುತ್ತದೆ. ಒಣಗಿದ ಪದರವನ್ನು ಪ್ಲಾಸ್ಟಿಕ್ ಸವರುಪಟ್ಟಿಯಿಂದ ಕೆರೆದು ತೆಗೆಯಿರಿ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಅದ್ದಿದ ಬಟ್ಟೆಯನ್ನು 20 ನಿಮಿಷ ಕಲೆಯ ಮೇಲೆ ಹಾಸಿಡಿ. ಒರೆಸಿ, ನೀರು ಹಾಕಿ ತೊಳೆದ ಮೇಲೆ ಸಾಕುಪ್ರಾಣಿಗಳ ಮೂತ್ರಕ್ಕೆಂದು ಮಾರುವ ಕಿಣ್ವದ ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಐದು ನಿಮಿಷಕ್ಕೆ ಒರೆಸಿದರೆ ಕಿಣ್ವಕ್ಕೆ ಕೆಲಸ ಮಾಡಲು ಹೊತ್ತೇ ಸಿಗದು.

ಕ್ರಿಮಿ ಕೊಲ್ಲಲು ಬ್ಲೀಚ್ ಬಳಸುವುದಿದ್ದರೆ ಎಲ್ಲ ಕೊಳೆ ಹೋದ ಮೇಲೆ, ಒಂದು ಪಾಲಿಗೆ 30 ಪಾಲು ನೀರು, ಹತ್ತು ನಿಮಿಷ, ನಂತರ ಚೆನ್ನಾಗಿ ತೊಳೆದು ಒಣಗಿಸಿ. ಆಮೆ ಬೇರೆ ಕೋಣೆಯಲ್ಲಿರಲಿ. ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ, ವಿನೆಗರ್ ಜೊತೆ ಬೆರೆಸಲೇಬೇಡಿ. ಎರಡರಿಂದಲೂ ವಿಷಾನಿಲ ಏಳುತ್ತದೆ.

ಸ್ನಾನದ ನೀರನ್ನು ಎಲ್ಲಿ ಚೆಲ್ಲುವುದು?

ಶೌಚಾಲಯಕ್ಕೆ ಅಥವಾ ಗಿಡದ ಬುಡಕ್ಕೆ, ಜರಡಿ ಹಿಡಿದು. ಹುಲ್ಲಿನ ನಾರು ಪೈಪಿನಲ್ಲಿ ಹೆಣೆದುಕೊಂಡು ಕಟ್ಟುತ್ತದೆ. ತಿನ್ನುವ ಸೊಪ್ಪಿನ ಮಡಿಗೆ ಬೇಡ, ಅಡುಗೆಮನೆಯ ಸಿಂಕಿಗಂತೂ ಬೇಡವೇ ಬೇಡ.

ಮನೆಯವರಿಗೆ ಕಾಯಿಲೆ ಅಂಟುತ್ತದೆಯೇ?

ಸಾಲ್ಮೊನೆಲ್ಲಾ ಎನ್ನುವ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಆಮೆಯ ಕರುಳಿನಲ್ಲೂ ಇರಬಹುದು. ಮಕ್ಕಳು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಿದ್ದರೆಂದೇ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟಕ್ಕೆ ನಿಷೇಧವಿದೆ. ದೊಡ್ಡದು ಬಾಯಿಗೆ ಹೋಗದು, ಆದರೆ ಅದು ನಡೆದ ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಕೈ ಬಾಯಿಗೆ ಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಮನೆಯಲ್ಲಿ ಆಮೆಗೆ ಪ್ರತ್ಯೇಕ ಕೋಣೆಯೇ ಸರಿ. ಮುಟ್ಟಿದ ಮೇಲೆ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ. ತೊಟ್ಟಿ, ಕುಂಚ, ಬಕೆಟ್ ಅದಕ್ಕೇ ಮೀಸಲು.

ದೀಪ, ಬಿಸಿ ಎಷ್ಟಿರಬೇಕು?

ಸುಲ್ಕಾಟಾ, ಚಿರತೆ ಆಮೆಗಳಿಗೆ ಮೈ ಕಾಯಿಸುವ ಜಾಗ 35ರಿಂದ 38 ಡಿಗ್ರಿ, ಕೋಣೆ 26ರಿಂದ 30, ರಾತ್ರಿ 21ಕ್ಕಿಂತ ಕೆಳಗಿಳಿಯಬಾರದು. ಇವು ಶೀತನಿದ್ರೆ ಮಾಡುವ ಜಾತಿಗಳಲ್ಲ. ಅಳತೆಯನ್ನು ಆಮೆಯ ಎತ್ತರದಲ್ಲಿ ತೆಗೆಯಿರಿ. ಗೋಡೆಯ ಥರ್ಮಾಮೀಟರ್ 27 ತೋರಿಸುವಾಗ ನೆಲ 19 ಇರಬಹುದು, ಆಮೆಯ ಹೊಟ್ಟೆ ಇರುವುದು ನೆಲದ ಮೇಲೆ.

ದೊಡ್ಡ ಆಮೆಗೆ ಒಂದೇ ಬಲ್ಬ್ ಹಾಕುವುದು ಪದೇ ಪದೇ ಕಾಣುವ ತಪ್ಪು. ಗುಮ್ಮಟದಂಥ ಚಿಪ್ಪಿನ ನೆತ್ತಿ ಬಲ್ಬಿಗೆ ಹತ್ತಿರವಿರುವುದರಿಂದ ಅಲ್ಲಿ ಸುಡುತ್ತದೆ, ಬದಿ ಇನ್ನೂ ತಣ್ಣಗಿರುತ್ತದೆ. ಕಡಿಮೆ ವ್ಯಾಟಿನ ನಾಲ್ಕು ಫ್ಲಡ್ ಬಲ್ಬ್‌ಗಳನ್ನು ಚೌಕಾಕಾರದಲ್ಲಿ ತೂಗುಹಾಕಿ, ಇಡೀ ಚಿಪ್ಪಿಗೆ ಬೆಳಕು ಹರಡಲಿ. ಕ್ಲಿಪ್ಪಿಗಿಂತ ಸರಪಳಿ ಲೇಸು. ಕ್ಲಿಪ್ ಜಾರಿ ಒಣಹುಲ್ಲಿನ ಮೇಲೆ ಬಿದ್ದರೆ ಬೆಂಕಿ. ಥರ್ಮೋಸ್ಟಾಟ್, ವಿದ್ಯುತ್ ಸೋರಿದರೆ ತಾನೇ ಕಡಿಯುವ ಬ್ರೇಕರ್ ಎರಡೂ ಇರಲಿ. ಹೊಟ್ಟೆಯಡಿ ಬಿಸಿಯಾಗುವ ‘ಬಿಸಿಕಲ್ಲು’ ಕೆಳಚಿಪ್ಪನ್ನು ಸುಡುತ್ತದೆ.

ಯುವಿಬಿ ಕಿರಣ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಬೇರೆಯೇ ಬೇಕು. ಕಿಟಕಿಯ ಗಾಜು ಅದನ್ನು ತಡೆಯುತ್ತದೆ, ಹಾಗಾಗಿ ಕಿಟಕಿಯೊಳಗಿನ ಬಿಸಿಲು ಲೆಕ್ಕಕ್ಕಿಲ್ಲ. ಪ್ರತಿಫಲಕವಿರುವ ಟಿ5 ಉದ್ದ ಕೊಳವೆ (ತೆಳು ಟ್ಯೂಬ್‌ಲೈಟ್), 12 ಶೇಕಡಾ ಯುವಿಬಿ ಎಂದು ಬರೆದದ್ದು, ಚಿಪ್ಪಿನಿಂದ 40ರಿಂದ 50 ಸೆಂ.ಮೀ. ಮೇಲೆ, ದಿನಕ್ಕೆ 12 ಗಂಟೆ. ಬೆಳಕು ಕಾಣುತ್ತಿದ್ದರೂ ಯುವಿಬಿ ಕುಗ್ಗುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬದಲಿಸಿ.

ಏನು ಕೊಡಬೇಕು?

ಸುಲ್ಕಾಟಾ, ಚಿರತೆ ಆಮೆಗೆ ಹತ್ತರಲ್ಲಿ ಎಂಟು ಪಾಲು ಹುಲ್ಲು ಮತ್ತು ಒಣಹುಲ್ಲು. ಉಳಿದದ್ದು ದಾಸವಾಳದ ಎಲೆ, ಹೂ, ಮುಳ್ಳು ತೆಗೆದ ಪಾಪಸುಕಳ್ಳಿ. ಇವಕ್ಕೆ ಹಣ್ಣು ಬೇಡ. ಕೆಂಗಾಲಿನ ಆಮೆ ಕಾಡಿನದು, ಅದಕ್ಕೆ ಹಣ್ಣು ಹಿಡಿಸುತ್ತದೆ. ಅದರ ಹಿಕ್ಕೆಯೂ ಸ್ವಭಾವತಃ ಮೆತ್ತಗೆ. ಒದ್ದೆ ಹಿಕ್ಕೆಯ ದೂರುಗಳನ್ನು ತೊಟ್ಟಿಗಿಂತ ಮೊದಲು ತಟ್ಟೆಯಲ್ಲಿ ಹುಡುಕಿ.

ಮನೆಯಲ್ಲಿ ಬಿಟ್ಟರೆ ಏನೇನು ಎಡವಟ್ಟು?

ಅದು ಸುತ್ತಿ ಹೋಗುವುದಿಲ್ಲ, ತಳ್ಳಿ ಹೋಗುತ್ತದೆ. ಕುರ್ಚಿ, ಟೀಪಾಯಿ, ನೀರಿನ ಕ್ಯಾನ್ ಎಲ್ಲ ಸರಿಯುತ್ತವೆ. ಹಗುರ ಕಪಾಟನ್ನು ಗೋಡೆಗೆ ಬಿಗಿಯಿರಿ. ನೆಲದ ಮೇಲಿನ ಕೆಂಪು, ಹಳದಿ ವಸ್ತು ಏನಿದ್ದರೂ ಬಾಯಿಗೆ: ಕೂದಲಿನ ರಬ್ಬರ್, ಗುಂಡಿ, ನಾಣ್ಯ, ಬಲೂನಿನ ಚೂರು. ವೈರುಗಳನ್ನು ಗಟ್ಟಿ ಕೊಳವೆಯೊಳಗೆ ಹಾಕಿ. ಮೆಟ್ಟಿಲಿಗೆ ಆಮೆಯ ಎತ್ತರದ ಒಂದೂವರೆ ಪಟ್ಟು ತಡೆ, ಅದೂ ಆಚೆ ಕಾಣದಂಥದ್ದು.

ಬೆನ್ನಡಿಯಾಗಿ ಬೀಳುವುದು ತಮಾಷೆಯಲ್ಲ. ಶ್ವಾಸಕೋಶ ಇರುವುದು ಮೇಲ್ಚಿಪ್ಪಿನಡಿ. ಮಗುಚಿದಾಗ ಹೊಟ್ಟೆಯೊಳಗಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ದೀಪದಡಿಯಾದರೆ ಬಿಸಿಗೂ ಸಾಯಬಹುದು. ಅದು ಹತ್ತಲು ನೋಡುವ ಅಂಚುಗಳನ್ನೆಲ್ಲ ತೆಗೆಯಿರಿ.

ಸುಲ್ಕಾಟಾವನ್ನು ಕೊನೆಯವರೆಗೂ ಒಳಗೇ ಸಾಕಬಹುದೇ?

ಸಾಧ್ಯವಿಲ್ಲ ಎನ್ನುವುದೇ ನಮ್ಮ ಉತ್ತರ. ಗಾಲಪಾಗೋಸ್, ಆಲ್ಡಾಬ್ರಾ ದೈತ್ಯರ ನಂತರ ಅತಿ ದೊಡ್ಡ ನೆಲದಾಮೆ ಇದೇ. ಗಂಡು 45 ಕಿಲೋ ದಾಟುವುದು ಸಾಮಾನ್ಯ, ಮಣ್ಣಿನಲ್ಲಿ ಮೀಟರುಗಟ್ಟಲೆ ಬಿಲ ತೋಡುವ ಜೀವ, ಹಲವು ದಶಕ ಬಾಳುತ್ತದೆ. ತೋಡಲು ಮಣ್ಣಿಲ್ಲದಿದ್ದರೆ ಗೋಡೆಯ ಮೂಲೆ ಕೆರೆದು ಗಾರೆ ಉದುರಿಸುತ್ತದೆ. ಒಳಕೋಣೆ ರಾತ್ರಿಗೆ, ಚಳಿಗೆ, ಜೋರು ಮಳೆಗೆ. ಅದಕ್ಕೂ ಚಿಪ್ಪಿನ ಉದ್ದದ ಎಂಟು ಪಟ್ಟು ಉದ್ದ, ನಾಲ್ಕು ಪಟ್ಟು ಅಗಲ ಜಾಗ ಬೇಕು: 45 ಸೆಂ.ಮೀ. ಆಮೆಗೆ 3.6 × 1.8 ಮೀಟರ್. ಕೆಂಗಾಲಿನ ಆಮೆಗೆ ಒಳಮನೆ ಇದಕ್ಕಿಂತ ಚೆನ್ನಾಗಿ ಒಗ್ಗುತ್ತದೆ, ತೇವ ಮಾತ್ರ ಹೆಚ್ಚು ಬೇಕು.

ಕಾನೂನು?

ನೆಲದಾಮೆಗಳ ಕುಟುಂಬವೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಸುಲ್ಕಾಟಾ ಎರಡನೇ ಅನುಬಂಧದಲ್ಲಿದೆ, ನಕ್ಷತ್ರ ಆಮೆಯನ್ನು 2019ರಲ್ಲಿ ಇನ್ನೂ ಕಟ್ಟುನಿಟ್ಟಾದ ಮೊದಲನೆಯದಕ್ಕೆ ಏರಿಸಿದರು. ಯಾವ ಜಾತಿಯನ್ನು ಸಾಕಬಹುದು, ಯಾವ ಕಾಗದ ಬೇಕು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆಮೆ ಮನೆಗೆ ಬರುವ ಮೊದಲು ಅರಣ್ಯ ಅಥವಾ ವನ್ಯಜೀವಿ ಇಲಾಖೆಯಲ್ಲಿ ವಿಚಾರಿಸಿ.

ಸ್ನಾನ ಮಾಡಿಸಿದರೂ ಹಿಕ್ಕೆ ಬರುತ್ತಿಲ್ಲ. ಯಾವಾಗ ವೈದ್ಯರ ಬಳಿ ಹೋಗಬೇಕು?

ಮೊದಲು ನೆಲದ ಬಿಸಿ, ನೀರಿನ ಬಿಸಿ ಅಳೆಯಿರಿ. ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ಬಿಸಿ ಸರಿಯಿದ್ದು, ತಿನ್ನುತ್ತಿದ್ದು, ಐದಾರು ದಿನ ಏನೂ ಬರದಿದ್ದರೆ ಸರೀಸೃಪಗಳನ್ನು ನೋಡುವ ಪಶುವೈದ್ಯರಿಂದ ಎಕ್ಸ್‌ರೇ ತೆಗೆಸಿ. ತಿನ್ನುವುದನ್ನೂ ಬಿಟ್ಟಿದ್ದರೆ, ಹಿಂಗಾಲು ಎತ್ತಿ ಪದೇ ಪದೇ ತಿಣುಕುತ್ತಿದ್ದರೆ, ರಕ್ತ ಕಂಡರೆ, ಹಿಂಗಾಲು ಎಳೆಯುತ್ತಿದ್ದರೆ ಅಷ್ಟು ದಿನ ಕಾಯಬೇಡಿ. ಅದು ಕಲ್ಲಾಗಿರಬಹುದು, ಹೆಣ್ಣಾದರೆ ಸಿಕ್ಕಿಕೊಂಡ ಮೊಟ್ಟೆಯಾಗಿರಬಹುದು, ನುಂಗಿದ ವಸ್ತುವೂ ಆಗಿರಬಹುದು. ಗಂಡಿನ ಜೊತೆ ಎಂದೂ ಇರದ ಹೆಣ್ಣೂ ಮೊಟ್ಟೆ ಇಡುತ್ತದೆ. ಎಣ್ಣೆ ಕುಡಿಸುವುದು, ಮನುಷ್ಯರ ಭೇದಿ ಮಾತ್ರೆ ಕೊಡುವುದು ಬೇಡ. ಹೊರಡುವಾಗ ಹಿಂದಿನ ಹತ್ತು ದಿನದ ಪುಸ್ತಕ, ಕೊನೆಯ ಹಿಕ್ಕೆ ಇರುವ ಡಬ್ಬಿ, ಈಗಿನ ತೂಕ ಮೂರನ್ನೂ ಜೊತೆಗೆ ಒಯ್ಯಿರಿ.